ಎರಡು ತಲೆಯ ಹದ್ದು, ಹೆಸರಿಲ್ಲದ ಚಿಲ್ಲರೆ

ಪ್ರಶ್ನೆ: ಮಗಳು ವಿಯೆನ್ನಾದಲ್ಲಿ ಓದುತ್ತಿದ್ದಾಳೆ. ರಜೆಗೆ ಬಂದಾಗ ಅಲ್ಲಿನ ನಾಶ್‌ಮಾರ್ಕ್ಟ್ ಪಕ್ಕ ಶನಿವಾರ ನಡೆಯುವ ಹಳೇ ಸಾಮಾನಿನ ಸಂತೆಯಿಂದ ಒಂದು ಹಿಡಿ ನಾಣ್ಯ ತಂದುಕೊಟ್ಟಳು. ಎಣಿಸಿದರೆ 31. ಕೆಲವು ಕಂದು, ಕೆಲವು ಬಿಳಿ, ನಾಲ್ಕೈದಕ್ಕೆ ತುಕ್ಕು ಹಿಡಿದಿದೆ. ಜಾಸ್ತಿ ನಾಣ್ಯಗಳ ಮೇಲೆ ನಮ್ಮ ಗಂಡಭೇರುಂಡದ ಹಾಗೆ ಎರಡು ತಲೆಯ ಹಕ್ಕಿ ಇದೆ, ಆದರೆ ದೇಶದ ಹೆಸರೇ ಇಲ್ಲ. ಕೆಲವದರ ಮೇಲೆ ಕಿರೀಟ ಮತ್ತು ಅರ್ಥವಾಗದ ಬರಹ. ಬಿಳಿಯವು ಅಯಸ್ಕಾಂತಕ್ಕೆ ಅಂಟುತ್ತವೆ, ನಕಲಿ ಇರಬಹುದೇ? ತೊಳೆದು ಹೊಳಪು ಕೊಡಬಹುದೇ? ಬೆಲೆ ಏನಾದರೂ ಇದೆಯೇ? ಇವುಗಳಿಂದಲೇ ಸಂಗ್ರಹ ಶುರು ಮಾಡಬಹುದೇ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಸಾಗರ

ಉತ್ತರ: ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ತೊಳೆಯಬೇಡಿ. ಹುಣಸೆಹಣ್ಣು, ನಿಂಬೆಹುಳಿ, ಪೀತಾಂಬರಿ, ಹಲ್ಲುಜ್ಜುವ ಪೇಸ್ಟ್, ಯಾವುದೂ ಬೇಡ. ನಾನು ಕಾಲೇಜಿನಲ್ಲಿದ್ದಾಗ ಇಂಥದ್ದೇ ಒಂದು ಕಂದು ನಾಣ್ಯವನ್ನು ದೇವರ ಮನೆಯ ತಂಬಿಗೆ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿದ್ದೆ. ಐದು ನಿಮಿಷಕ್ಕೆ ಹೊಸ ತಾಮ್ರದ ಹಾಗೆ ಗುಲಾಬಿ ಬಣ್ಣ ಬಂತು. ಎಷ್ಟು ಖುಷಿ ಅಂತೀರಾ. ಎರಡು ತಿಂಗಳಿಗೆ ಅದು ಕಲೆಕಲೆಯಾಗಿ ಕಪ್ಪಾಯಿತು. ಹಕ್ಕಿಯ ರೆಕ್ಕೆಯ ಗರಿಗೆರೆಗಳು ಮಾಸಿಹೋಗಿದ್ದವು. ನೂರು ವರ್ಷದಲ್ಲಿ ತಾನಾಗಿ ಕೂತ ಆ ಕಂದು ಪದರವೇ ನಾಣ್ಯದ ಚರ್ಮ. ಅದನ್ನು ಸುಲಿದರೆ ಮತ್ತೆ ಬರುವುದಿಲ್ಲ. ಆ ನಾಣ್ಯ ಇವತ್ತೂ ನನ್ನ ಹತ್ತಿರ ಇದೆ, ಯಾರಿಗಾದರೂ ಬುದ್ಧಿ ಹೇಳಬೇಕಾದಾಗ ತೆಗೆದು ತೋರಿಸುತ್ತೇನೆ.

ಈಗ ನಿಮ್ಮ ಹಕ್ಕಿಯ ವಿಷಯ. ಅದು ಗಂಡಭೇರುಂಡ ಅಲ್ಲ, ಆಸ್ಟ್ರಿಯಾವನ್ನು ಆಳಿದ ಹ್ಯಾಬ್ಸ್‌ಬರ್ಗ್ ರಾಜಮನೆತನದ ಹದ್ದು. ನಿಮ್ಮಲ್ಲಿರುವುದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಪುಡಿ ನಾಣ್ಯಗಳು. ಲೆನ್ಸ್ ಹಿಡಿದು ನೋಡಿ: ಎರಡು ತಲೆಗೂ ಒಂದೊಂದು ಕಿರೀಟ, ಎರಡರ ಮೇಲೆ ಮಧ್ಯದಲ್ಲಿ ಇನ್ನೊಂದು ದೊಡ್ಡ ಕಿರೀಟ, ಎದೆಯ ಮೇಲೆ ಒಂದು ಗುರಾಣಿ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಬರುವ ನಮ್ಮ ಗಂಡಭೇರುಂಡದ ಗತ್ತೇ ಬೇರೆ, ಅದು ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನೇ ಹಿಡಿದುಕೊಂಡಿರುತ್ತದೆ! ಎರಡು ತಲೆ ಕಂಡ ಕೂಡಲೇ ಮೈಸೂರಿಗೂ ವಿಯೆನ್ನಾಕ್ಕೂ ನಂಟು ಕಟ್ಟುವವರು ಸಿಗುತ್ತಾರೆ. ಸುಮ್ನೆ ಕೇಳಿಸಿಕೊಂಡು ಮುಂದೆ ಹೋಗಿ.

ಹಿನ್ನೆಲೆ ಸ್ವಲ್ಪ ಬೇಕು, ಇಲ್ಲದಿದ್ದರೆ 31 ನಾಣ್ಯ ಬರೀ 31 ಬಿಲ್ಲೆ. 1867ರ ಒಪ್ಪಂದದ ನಂತರ ಈ ಸಾಮ್ರಾಜ್ಯ ಎರಡು ಭಾಗವಾಗಿ ನಡೆಯಿತು. ಒಬ್ಬನೇ ಮನುಷ್ಯ, ಫ್ರಾನ್ಸ್ ಜೋಸೆಫ್, ಆಸ್ಟ್ರಿಯಾಕ್ಕೆ ಚಕ್ರವರ್ತಿ, ಹಂಗೇರಿಗೆ ರಾಜ. ಸೈನ್ಯ ಒಂದು, ನಾಣ್ಯಪದ್ಧತಿ ಒಂದು, ಆದರೆ ಪಾರ್ಲಿಮೆಂಟು ಎರಡು, ಟಂಕಸಾಲೆಯೂ ಎರಡು. 1892ರ ಆಗಸ್ಟ್‌ನಲ್ಲಿ ಹೊಸ ಕಾನೂನು ಬಂತು. ಹಳೆಯ ಗುಲ್ಡನ್, ಕ್ರಾಯ್ಟ್‌ಸರ್ ಹೋಗಿ ಕ್ರೋನೆ ಬಂತು. ಒಂದು ಕ್ರೋನೆಗೆ ನೂರು ಪುಡಿ ನಾಣ್ಯ. ಆ ಪುಡಿ ನಾಣ್ಯಕ್ಕೆ ಆಸ್ಟ್ರಿಯಾದ ಕಡೆ ಹೆಲ್ಲರ್ ಅಂತ ಹೆಸರು, ಹಂಗೇರಿಯ ಕಡೆ ಫಿಲ್ಲೇರ್. ಎರಡರ ಬೆಲೆಯೂ ಒಂದೇ, ಎರಡೂ ಎಲ್ಲ ಕಡೆ ಚಲಾವಣೆ. ಹಳೆಯ ಒಂದು ಗುಲ್ಡನ್ನಿಗೆ ಎರಡು ಕ್ರೋನೆ, ಹಾಗಾಗಿ ಒಂದು ಕ್ರಾಯ್ಟ್‌ಸರಿಗೆ ಸರಿಯಾಗಿ ಎರಡು ಹೆಲ್ಲರ್. ನಾವು 25 ಪೈಸೆಯನ್ನು ನಾಲ್ಕಾಣೆ ಅಂತಲೇ ಕರೆದುಕೊಂಡು ಬಂದೆವಲ್ಲ, ಅಂಥ ಸಲೀಸಾದ ಲೆಕ್ಕ.

ಇಲ್ಲಿ ಚಿಲ್ಲರೆ ಅಂದರೆ ನಾಲ್ಕೇ ದರ: 1, 2, 10, 20. ಐದರ ನಾಣ್ಯ ಇಲ್ಲ, ಹುಡುಕಬೇಡಿ. 1 ಮತ್ತು 2 ಕಂಚು, 10 ಮತ್ತು 20 ಶುದ್ಧ ನಿಕಲ್. ಆ ಕಾಲಕ್ಕೆ ಇದರ ಬೆಲೆ ಎಷ್ಟು ಅಂತ ಕೈಗೆ ಸಿಗಬೇಕಾದರೆ ಒಂದು ಉದಾಹರಣೆ ಸಾಕು. 1900ರಿಂದ 1916ರವರೆಗೆ ಆಸ್ಟ್ರಿಯಾದಲ್ಲಿ ಊರಿಂದೂರಿಗೆ ಒಂದು ಮಾಮೂಲಿ ಕಾಗದ ಹಾಕಲು ಅಂಚೆ ದರ 10 ಹೆಲ್ಲರ್. ನಿಮ್ಮ ಡಬ್ಬಿಯಲ್ಲಿರುವ ಒಂದು ಚಿಕ್ಕ ಬಿಳಿ ನಾಣ್ಯಕ್ಕೆ ಒಂದು ಪತ್ರ.

ಅಯಸ್ಕಾಂತಕ್ಕೆ ಅಂಟುತ್ತದೆ ಅಂತ ಗಾಬರಿ ಬಿದ್ದಿದ್ದೀರಿ. ಗಾಬರಿ ಬೇಡ, ಅದು ಅಂಟಲೇಬೇಕು! ಕಬ್ಬಿಣ ಮಾತ್ರ ಅಂಟುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ನಿಕಲ್ ಕೂಡ ಅಂಟುತ್ತದೆ. ಮನೆಯಲ್ಲಿ 1947ರ ಜಾರ್ಜ್ ದೊರೆಯ ಒಂದು ರೂಪಾಯಿ ಇದ್ದರೆ ಅದಕ್ಕೂ ಅಯಸ್ಕಾಂತ ಹಿಡಿದು ನೋಡಿ, ಅದೂ ನಿಕಲ್ಲೇ, ಟಕ್ ಅಂತ ಕಚ್ಚಿಕೊಳ್ಳುತ್ತದೆ. ನಿಮ್ಮ ಬಿಳಿ ನಾಣ್ಯದಲ್ಲಿ 1893, 1894, 1908, 1911 ಇಂಥ ವರ್ಷವಿದ್ದು ಅಂಟಿದರೆ ಸರಿಯಾಗಿದೆ ಅಂತ ಅರ್ಥ. 1915 ಅಥವಾ 1916ರ 10 ಹೆಲ್ಲರ್ ಆದರೆ ಅಂಟುವುದಿಲ್ಲ, ಅದೂ ಸರಿಯೇ. ಯಾಕೆ ಅಂತ ಮುಂದೆ ಹೇಳುತ್ತೇನೆ. ಇಡೀ ಸಂಗ್ರಹದ ಸ್ವಾರಸ್ಯವೇ ಅಲ್ಲಿದೆ.

ಅದಕ್ಕೂ ಮುಂಚೆ ಹೆಸರಿನ ಕಥೆ. ಆಸ್ಟ್ರಿಯಾದ ಹೆಲ್ಲರ್ ಒಂದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ. ಒಂದು ಕಡೆ ಹದ್ದು. ಇನ್ನೊಂದು ಕಡೆ ಅಂಕಿ, ವರ್ಷ, ಸ್ವಲ್ಪ ಬಳ್ಳಿಯ ಅಲಂಕಾರ. ಮುಗಿಯಿತು. ಒಂದೇ ಒಂದು ಅಕ್ಷರ ಇಲ್ಲ! ದೇಶದ ಹೆಸರಿಲ್ಲ, ರಾಜನ ಹೆಸರಿಲ್ಲ, ‘ಹೆಲ್ಲರ್’ ಅನ್ನುವ ಪದವೂ ಇಲ್ಲ. ಇದು ಅಚ್ಚಿನವರ ಮರೆವು ಅಂತ ನನಗೆ ಅನಿಸುವುದಿಲ್ಲ. ಸಾಮ್ರಾಜ್ಯದ ಆ ಅರ್ಧದಲ್ಲಿ ಜರ್ಮನ್, ಚೆಕ್, ಪೋಲಿಷ್, ಉಕ್ರೇನಿಯನ್, ಇಟಾಲಿಯನ್, ಸ್ಲೊವೀನ್, ಕ್ರೊಯೇಷಿಯನ್, ರೊಮೇನಿಯನ್ ಎಲ್ಲ ಮಾತಾಡುವ ಜನ. ಭಾಷೆಯ ಜಗಳ ಎಷ್ಟು ಜೋರಿತ್ತು ಅಂದರೆ, ಬೊಹೀಮಿಯಾದ (ಇವತ್ತಿನ ಚೆಕ್ ದೇಶದ ಭಾಗ) ಸರ್ಕಾರಿ ನೌಕರರಿಗೆ ಚೆಕ್ ಮತ್ತು ಜರ್ಮನ್ ಎರಡೂ ಬರಬೇಕು ಅಂತ 1897ರಲ್ಲಿ ಪ್ರಧಾನಿ ಬಡೇನಿ ಆದೇಶ ಹೊರಡಿಸಿದ್ದಕ್ಕೆ ಬೀದಿಯಲ್ಲಿ ಗಲಾಟೆಯಾಗಿ ಅವರ ಸರ್ಕಾರವೇ ಉರುಳಿತು. ಇಂಥ ಕಡೆ 17 ಮಿಲಿಮೀಟರಿನ ಕಂಚಿನ ಬಿಲ್ಲೆಯ ಮೇಲೆ ಯಾವ ಭಾಷೆ ಬರೆಯುತ್ತೀರಿ? ಬರೆಯದೇ ಬಿಡುವುದೇ ಕ್ಷೇಮ ಅಲ್ವಾ. ನೋಟಿನಲ್ಲಿ ಜಾಗ ಇತ್ತು. ಅಲ್ಲಿ ಒಂದು ಮುಖ ಪೂರ್ತಿ ಹಂಗೇರಿಯನ್, ಇನ್ನೊಂದು ಮುಖ ಜರ್ಮನ್, ಅದರ ಜೊತೆಗೆ ಬೆಲೆಯನ್ನು ಮಾತ್ರ ಇನ್ನೂ ಎಂಟು ಭಾಷೆಯಲ್ಲಿ ಸಾಲಾಗಿ ಹಾಕಿದರು. ನಮ್ಮ ನೋಟಿನ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯದಾಗಿ ಕನ್ನಡ ಬರುತ್ತದಲ್ಲ, ಆ ಥರ.

ಚಿಕ್ಕ ನಾಣ್ಯದಲ್ಲಿ ಬಹುಭಾಷೆ ಆಗುವುದೇ ಇಲ್ಲ ಅಂತೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ತಾಮ್ರದ ನಾಣ್ಯ ನೋಡಿದ್ದೀರಾ? ಅದರಲ್ಲಿ ಕನ್ನಡ, ಪರ್ಷಿಯನ್, ಇಂಗ್ಲಿಷ್ ಮೂರೂ ತುರುಕಿದ್ದಾರೆ. ಮೈಸೂರಿನವರಿಗೆ ಸಾಧ್ಯವಾದದ್ದು ವಿಯೆನ್ನಾದವರಿಗೆ ಬೇಡವಾಗಿತ್ತು, ಅಷ್ಟೇ.

ಈಗ ಕಿರೀಟದ ನಾಣ್ಯ ತೆಗೆದುಕೊಳ್ಳಿ. ಅದು ಹಂಗೇರಿಯ ಕಡೆಯದು. ಅಲ್ಲಿ ಅಧಿಕಾರದ ಭಾಷೆ ಒಂದೇ, ಹಾಗಾಗಿ ಹಿಂಜರಿಕೆ ಇಲ್ಲ. ಸುತ್ತ ಇರುವ ಬರಹ ‘ಮಾಜ್ಯಾರ್ ಕಿರಾಯಿ ವಾಲ್ಟೋಪೇನ್ಜ್’. ಅಕ್ಷರಶಃ ಹೇಳಿದರೆ ‘ಹಂಗೇರಿ ರಾಜರ ಚಿಲ್ಲರೆ’. ಎಂಥ ನೇರ ಮಾತು! ಆ ಕಿರೀಟ ಹಂಗೇರಿಯ ಮೊದಲ ರಾಜ ಸಂತ ಸ್ಟೀಫನ್ನನ ಹೆಸರಿನ ಕಿರೀಟ. ಅದರ ತುದಿಯ ಶಿಲುಬೆಯನ್ನು ಲೆನ್ಸ್‌ನಲ್ಲಿ ನೋಡಿ, ನೆಟ್ಟಗಿಲ್ಲ, ಓರೆಯಾಗಿದೆ. ಅಚ್ಚು ತಪ್ಪಿದ್ದಲ್ಲ. ಬುಡಾಪೆಸ್ಟ್‌ನ ಪಾರ್ಲಿಮೆಂಟ್ ಭವನದಲ್ಲಿರುವ ನಿಜವಾದ ಕಿರೀಟದಲ್ಲೂ ಶಿಲುಬೆ ಹಾಗೇ ಬಾಗಿದೆ, ಚಿತ್ರ ಬರೆಯುವಾಗಲೂ ಹಾಗೇ ಬರೆಯುತ್ತಾರೆ. ‘ಡಿಫೆಕ್ಟ್ ನಾಣ್ಯ, ಅಪರೂಪ’ ಅಂತ ಯಾರಾದರೂ ಇದಕ್ಕೆ ಹೆಚ್ಚಿನ ದುಡ್ಡು ಕೇಳಿದರೆ ನಕ್ಕು ಎದ್ದು ಬನ್ನಿ.

ಹಂಗೇರಿಯ ನಾಣ್ಯದಲ್ಲಿ ‘ಕೆ’ ಮತ್ತು ‘ಬಿ’ ಅನ್ನುವ ಎರಡು ಪುಟ್ಟ ರೋಮನ್ ಅಕ್ಷರಗಳೂ ಇರುತ್ತವೆ. ಅದು ಟಂಕಸಾಲೆಯ ಗುರುತು, ಊರಿನ ಹಂಗೇರಿಯನ್ ಹೆಸರಿನಿಂದ ಬಂದದ್ದು. ಆ ಊರು ಇವತ್ತು ಹಂಗೇರಿಯಲ್ಲಿ ಇಲ್ಲ. ಸ್ಲೊವಾಕಿಯಾದ ಕ್ರೆಮ್ನಿಟ್ಸಾ ಅದು, 1328ರಿಂದ ಅಲ್ಲಿ ನಾಣ್ಯ ಅಚ್ಚು ಹಾಕುತ್ತಿದ್ದಾರೆ, ಈಗಲೂ ಹಾಕುತ್ತಾರೆ. ಆಸ್ಟ್ರಿಯಾದ ಹೆಲ್ಲರ್‌ನಲ್ಲಿ ಟಂಕಸಾಲೆಯ ಗುರುತೂ ಇಲ್ಲ. ಅವು ವಿಯೆನ್ನಾದವು. ಅಲ್ಲಿನ ಟಂಕಸಾಲೆ ಇವತ್ತಿಗೂ ಹಾಯ್‌ಮಾರ್ಕ್ಟ್ ರಸ್ತೆಯ ಅದೇ ಕಟ್ಟಡದಲ್ಲಿದೆ. ಮಗಳಿಗೆ ಹೇಳಿ, ಒಮ್ಮೆ ನೋಡಿಕೊಂಡು ಬರಲಿ.

ಈಗ ನಿಜವಾದ ಸ್ವಾರಸ್ಯ. ತುಕ್ಕು ಹಿಡಿದ ನಾಲ್ಕೈದು ನಾಣ್ಯ ಇದೆ ಅಂದಿರಲ್ಲ, ಅವನ್ನು ಬಿಸಾಡಬೇಡಿ. ನಿಮ್ಮ ಡಬ್ಬಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅವೇ.

1914ರಲ್ಲಿ ಯುದ್ಧ ಶುರುವಾಯಿತು. ನಿಕಲ್ ಗಟ್ಟಿ ಉಕ್ಕಿಗೆ ಬೇಕು, ತಾಮ್ರ ಮದ್ದುಗುಂಡಿಗೆ ಬೇಕು. ಹೊರಗಿನಿಂದ ತರಿಸಲು ದಾರಿ ಬಂದ್. ಆಗ ಸರ್ಕಾರ ಜನರ ಜೇಬಿನತ್ತ ನೋಡಿತು. 1915ರಲ್ಲಿ 10 ಹೆಲ್ಲರ್ ಶುದ್ಧ ನಿಕಲ್ ಹೋಗಿ ತಾಮ್ರ, ಸತು, ನಿಕಲ್ ಬೆರೆಸಿದ ಲೋಹ ಬಂತು. ಅರಿಶಿನ ಕುಂಕುಮದ ಬಟ್ಟಲು ಮಾಡುತ್ತಾರಲ್ಲ, ಜರ್ಮನ್ ಸಿಲ್ವರ್, ಅದೇ ಜಾತಿ. ಅದಕ್ಕೇ 1915ರದು ಅಯಸ್ಕಾಂತಕ್ಕೆ ಅಂಟುವುದಿಲ್ಲ. 1916ಕ್ಕೆ ಅದೂ ಕಷ್ಟವಾಯಿತು, 20 ಹೆಲ್ಲರ್ ಮತ್ತು 2 ಹೆಲ್ಲರ್ ಬರೀ ಕಬ್ಬಿಣ. 1916, 1917, 1918, ಮೂರು ವರ್ಷ. ಮಳೆಗೆ ತುಕ್ಕು ಹಿಡಿಯುವ ದುಡ್ಡು. ಒಂದು ಸಾಮ್ರಾಜ್ಯ ಬಡವಾಗುವುದು ಹೇಗೆ ಅಂತ ಪುಸ್ತಕದಲ್ಲಿ ಓದುವುದೇ ಬೇರೆ, 1911ರ ಹೊಳೆಯುವ 20 ಹೆಲ್ಲರ್ ಪಕ್ಕ 1917ರ ಬೂದು ಬಣ್ಣದ 20 ಹೆಲ್ಲರ್ ಇಟ್ಟು ಎರಡನ್ನೂ ಮೇಜಿನ ಮೇಲೆ ಬೀಳಿಸಿ ಸದ್ದು ಕೇಳುವುದೇ ಬೇರೆ. (ಕಬ್ಬಿಣದ್ದು ತೀರಾ ತುಕ್ಕಾಗಿದ್ದರೆ ಬೀಳಿಸಬೇಡಿ, ಪದರ ಏಳುತ್ತದೆ.)

ಇನ್ನೊಂದು ಸೂಕ್ಷ್ಮ ಇದೆ. 1916ರ ನಾಣ್ಯಗಳಲ್ಲಿ ಹದ್ದಿನ ಎದೆಯ ಗುರಾಣಿ ನೋಡಿ. ಹಳೆಯದರಲ್ಲಿ ಗುರಾಣಿ ಹಲವು ಭಾಗವಾಗಿ ಗಿಜಿಗಿಜಿ ಇರುತ್ತದೆ. ಹೊಸದರಲ್ಲಿ ಅಡ್ಡಕ್ಕೆ ಒಂದು ಪಟ್ಟಿ ಇರುವ ಸರಳ ಗುರಾಣಿ, ಆಸ್ಟ್ರಿಯಾದ ಬಾವುಟದಲ್ಲಿ ಇವತ್ತಿಗೂ ಉಳಿದಿರುವ ಪಟ್ಟಿಯೇ ಅದು. 1915ರ ಕೊನೆಗೆ ರಾಜಲಾಂಛನ ಬದಲಾಯಿತು, ಮುಂದಿನ ವರ್ಷ ನಾಣ್ಯಕ್ಕೂ ಬಂತು. ಹಾಗಾಗಿ 1916ರ 10 ಹೆಲ್ಲರ್ ಎರಡು ಥರ ಸಿಗುತ್ತದೆ, ಹಳೇ ಗುರಾಣಿಯದು ಮತ್ತು ಹೊಸ ಗುರಾಣಿಯದು. ವ್ಯಾಪಾರಿಗಳು ಎರಡನ್ನೂ ಒಂದೇ ಡಬ್ಬಿಗೆ ಹಾಕಿ ಮಾರುತ್ತಾರೆ. ನೀವು ಲೆನ್ಸ್ ತೆಗೆದುಕೊಂಡು ಹೋದರೆ ಎರಡನ್ನೂ ಒಂದೇ ಬೆಲೆಗೆ ತರಬಹುದು.

ಹಾಗಾದರೆ ಸಂಗ್ರಹ ಹೇಗೆ ಶುರು ಮಾಡುವುದು? ಎಲ್ಲ ವರ್ಷವನ್ನೂ ಜೋಡಿಸುತ್ತೇನೆ ಅಂತ ಹೊರಡಬೇಡಿ, ಬೇಸರವಾಗುತ್ತದೆ. ಒಂದೊಂದು ಮಾದರಿಗೆ ಒಂದೊಂದು ನಾಣ್ಯ ಅಂತ ಇಟ್ಟುಕೊಳ್ಳಿ. ಆಸ್ಟ್ರಿಯಾದ ಸಾಲಿಗೆ ಒಂಬತ್ತು ಸಾಕು: ಹಳೇ ಗುರಾಣಿಯ 1 ಹೆಲ್ಲರ್ ಮತ್ತು 1916ರ ಹೊಸ ಗುರಾಣಿಯದು, 2 ಹೆಲ್ಲರ್ ಕಂಚು ಮತ್ತು ಕಬ್ಬಿಣ, 10ರಲ್ಲಿ ನಿಕಲ್ ಒಂದು ಹಾಗೂ ಜರ್ಮನ್ ಸಿಲ್ವರ್‌ನವು ಎರಡು, 20ರಲ್ಲಿ ನಿಕಲ್ ಮತ್ತು ಕಬ್ಬಿಣ. ಅದರ ಕೆಳಗೆ ಹಂಗೇರಿಯ ಸಾಲು, ಅದೇ ಕ್ರಮದಲ್ಲಿ. ಮೇಲೆ ಮೂಕ ಹದ್ದು, ಕೆಳಗೆ ಮಾತಾಡುವ ಕಿರೀಟ. ನಿಮ್ಮ 31ರಲ್ಲೇ ಅರ್ಧಕ್ಕಿಂತ ಜಾಸ್ತಿ ಸಿಕ್ಕೀತು ಅಂತ ನನ್ನ ಅಂದಾಜು.

ಆಮೇಲೂ ವರ್ಷದ ಹುಚ್ಚು ಹತ್ತಿದರೆ ಒಂದು ಎಚ್ಚರಿಕೆ. ಎಲ್ಲ ವರ್ಷವೂ ಎಲ್ಲ ನಾಣ್ಯ ಅಚ್ಚಾಗಿಲ್ಲ. ಆಸ್ಟ್ರಿಯಾದ 10 ಮತ್ತು 20 ನಿಕಲ್ ನಾಣ್ಯ 1895 ಆದ ಮೇಲೆ ನೇರ 1907ಕ್ಕೆ ಹಾರುತ್ತದೆ. ನಡುವೆ ಇಲ್ಲವೇ ಇಲ್ಲ. ಇದು ಗೊತ್ತಿಲ್ಲದೆ ನಾನು 1900ರ 20 ಹೆಲ್ಲರ್‌ಗಾಗಿ ಎರಡು ವರ್ಷ ಹುಡುಕಿದ್ದೇನೆ!

ಬೆಲೆ. ಕೇಳಿದ್ದೀರಿ, ಹೇಳಲೇಬೇಕು. ಮಾಮೂಲಿ ವರ್ಷದ, ಮಾಮೂಲಿ ಸವೆತದ ಹೆಲ್ಲರ್ ಯುರೋಪಿನ ಸಂತೆಯಲ್ಲಿ ಒಂದು ಯೂರೋಗೂ ಕಡಿಮೆಗೆ ಸಿಗುತ್ತದೆ, ಅದೆಷ್ಟೋ ಕಡೆ ತೂಕಕ್ಕೇ ಮಾರುತ್ತಾರೆ. 1893ರದ್ದಂತೂ ರಾಶಿ ರಾಶಿ, ಹಳೇ ಚಿಲ್ಲರೆ ಬದಲಿಸಲು ಆ ವರ್ಷ ಸಿಕ್ಕಾಪಟ್ಟೆ ಅಚ್ಚು ಹಾಕಿದ್ದರು. 1892ರದ್ದು ಬೇರೆ ಮಾತು. ಕಾನೂನು ಬಂದದ್ದೇ ಆಗಸ್ಟ್‌ನಲ್ಲಿ, ಹಾಗಾಗಿ ಆ ವರ್ಷದ್ದು ಕಡಿಮೆ. ಅದರಲ್ಲೂ ಕಂಚಿನ ಎರಡಕ್ಕೂ ಬೇಡಿಕೆ ಇದೆ. ನಿಮ್ಮಲ್ಲಿ 1892 ಅಂತ ಕಂಡರೆ ಕೊನೆಯ ಅಂಕಿಯನ್ನು ಎರಡು ಸಲ ನೋಡಿ. ಸವೆದ 3 ಬೆಳಕಿಗೆ 2ರ ಹಾಗೆ ಕಾಣುತ್ತದೆ, ಯಾರೋ ಕೆರೆದು 2 ಮಾಡಿರಲೂಬಹುದು. ಹಾಗೇ ‘ನಿಮ್ಮ ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಫೀಸು ಕಟ್ಟಿ’ ಅನ್ನುವ ಜಾಹೀರಾತು ಮೊಬೈಲಿಗೆ ಬಂದರೆ ಅಳಿಸಿಹಾಕಿ. ತಮ್ಮ ಹೆಸರು ಹೇಳಿಕೊಂಡು ಹೀಗೆ ಮೋಸ ನಡೆಯುತ್ತಿದೆ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ಬ್ಯಾಂಕಿನಲ್ಲಿದ್ದವರಿಗೆ ನಾನು ಇದನ್ನು ಹೇಳಬೇಕಿಲ್ಲ, ಆದರೆ ನಿಮ್ಮ ಪಕ್ಕದ ಮನೆಯವರಿಗೆ ಹೇಳಬೇಕು.

ಇಡುವ ಬಗೆ. ನೀವು ಇರುವುದು ಸಾಗರದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಕಬ್ಬಿಣದ ನಾಣ್ಯದ ಗತಿ ಕೇಳಬೇಕೇ. ಕಬ್ಬಿಣದವನ್ನು ಬೇರೆ ಇಡಿ: ಬಿಗಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೊಟ್ಟಣ ಬದಲಾಯಿಸಿ. ಪುಡಿಪುಡಿ ಉದುರುವ ತುಕ್ಕನ್ನು ಒಣ ಮೆತ್ತಗಿನ ಬ್ರಷ್‌ನಿಂದ ತಟ್ಟಿ ತೆಗೆಯಬಹುದು, ಅಷ್ಟೇ. ಉಳಿದವನ್ನು ಕಾಗದದ ಚೌಕಟ್ಟಿನ ಹೋಲ್ಡರ್‌ನಲ್ಲಿ ಹಾಕಿ. ವಾಸನೆ ಬರುವ ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಆಲ್ಬಂ ಅಗ್ಗ ಅಂತ ತರಬೇಡಿ. ಅದು ಕೆಲವು ವರ್ಷಕ್ಕೆ ಬೆವರಿ ಕಂಚಿನ ಮೇಲೆ ಹಸಿರು ಅಂಟು ಬಿಡುತ್ತದೆ. ಹಾಗೆ ಅಂಟಾಗಿದ್ದರೆ ಮಾತ್ರ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಬಹುದು, ಅಂಗಳದಲ್ಲಿ, ಬೆಂಕಿಯಿಂದ ದೂರ, ತಿಕ್ಕದೆ. ಯಾವುದಾದರೂ ಕಂಚಿನ ನಾಣ್ಯದಲ್ಲಿ ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದನ್ನು ಉಳಿದವುಗಳಿಂದ ಈಗಲೇ ಬೇರೆ ಮಾಡಿ.

ಕಾನೂನಿನ ಒಂದು ಮಾತು, ಚಿಕ್ಕದಾಗಿ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಬರುತ್ತದೆ, ಅಂಥದ್ದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಮನೆಗೆ ಬಂದ ಡಬಲ್ ನಾಣ್ಯಗಳನ್ನು ಅಂಚೆಯಲ್ಲಿ ಹಾಕಿ ವಿದೇಶದವರ ಜೊತೆ ಅದಲು ಬದಲು ಮಾಡುವ ಯೋಚನೆ ಇದ್ದರೆ ಬಿಡಿ. ಬೆಂಗಳೂರಿನ ನಾಣ್ಯ ಮೇಳದಲ್ಲಿ ಬದಲಿಸಿಕೊಳ್ಳುವವರು ಸಿಗುತ್ತಾರೆ.

ಈ ಚಿಲ್ಲರೆ ಕೊನೆಗೆ ಏನಾಯಿತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1918ರ ನವೆಂಬರ್‌ನಲ್ಲಿ ಸಾಮ್ರಾಜ್ಯ ಮುಗಿಯಿತು. ಆಮೇಲೆ ಆಸ್ಟ್ರಿಯಾದಲ್ಲಿ ಬೆಲೆಗಳು ಹುಚ್ಚು ಹಿಡಿದ ಹಾಗೆ ಏರಿ, 1925ರಲ್ಲಿ ಶಿಲ್ಲಿಂಗ್ ಬಂದಾಗ ಒಂದು ಶಿಲ್ಲಿಂಗಿಗೆ ಹತ್ತು ಸಾವಿರ ಕ್ರೋನೆ ಅಂತ ಲೆಕ್ಕ ಹಾಕಿದರು. ಅಂದರೆ ಹತ್ತು ಲಕ್ಷ ಹೆಲ್ಲರ್! ಹೆಸರುಗಳು ಮಾತ್ರ ಗಟ್ಟಿ. ಚೆಕ್ ದೇಶದಲ್ಲಿ ಹೆಲ್ಲರ್ ‘ಹಲೇರ್ಜ್’ ಆಗಿ 2008ರವರೆಗೂ ನಾಣ್ಯವಾಗಿ ಓಡಾಡಿತು, ಹಂಗೇರಿಯಲ್ಲಿ ಫಿಲ್ಲೇರ್ 1999ರವರೆಗೆ. ನಾವೂ ‘ದುಡ್ಡು’ ಅನ್ನುವಾಗ ಅದೊಂದು ತಾಮ್ರದ ನಾಣ್ಯದ ಹೆಸರಾಗಿತ್ತು ಅಂತ ಯಾರು ನೆನೆಸಿಕೊಳ್ಳುತ್ತಾರೆ. ಹಂಗೇರಿಯಲ್ಲಿ ಇನ್ನೂ ಒಂದು ತಮಾಷೆ ಇದೆ. ಕಬ್ಬಿಣದ 20 ಫಿಲ್ಲೇರ್ ಮೇಲೆ 1920, 1921 ಅಂತ ವರ್ಷ ಇರುವುದೂ ಸಿಗುತ್ತದೆ. ಸಾಮ್ರಾಜ್ಯ ಹೋಗಿದೆ, ಸಿಂಹಾಸನ ಖಾಲಿ, ಕ್ರೆಮ್ನಿಟ್ಸಾ ಊರು ಚೆಕೊಸ್ಲೊವಾಕಿಯಾಕ್ಕೆ ಸೇರಿದೆ, ಆದರೂ ನಾಣ್ಯದ ಮೇಲೆ ಅದೇ ಕಿರೀಟ, ಅದೇ ‘ರಾಜರ ಚಿಲ್ಲರೆ’, ಅದೇ ಎರಡು ಅಕ್ಷರದ ಗುರುತು.

ಹಾಗಾಗಿ ಮಗಳು ವಾಪಸ್ ಹೋಗುವಾಗ ಒಂದು ಚೀಟಿ ಬರೆದುಕೊಡಿ. ಮೊದಲನೆಯದು, 1916ರ 10 ಹೆಲ್ಲರ್ ಎರಡು, ಗುರಾಣಿ ನೋಡಿ ತರಬೇಕು. ಎರಡನೆಯದು, ತುಕ್ಕು ಕಡಿಮೆ ಇರುವ ಕಬ್ಬಿಣದ 2 ಹೆಲ್ಲರ್. ಮೂರನೆಯದು, ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ರೈಲಿನಲ್ಲಿ ಮೂರು ಗಂಟೆಯೂ ಇಲ್ಲ, ಅಲ್ಲಿಗೆ ಹೋದರೆ ಎಚೆರಿ ಸಂತೆಯಲ್ಲಿ 1921ರ 20 ಫಿಲ್ಲೇರ್. ಜೊತೆಗೆ ಒಂದು ಹತ್ತು ಪಟ್ಟಿನ ಲೆನ್ಸ್, ಕೀ ಚೈನಿಗೆ ಒಂದು ಪುಟ್ಟ ಅಯಸ್ಕಾಂತ. ಮತ್ತೆ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿ, ಅಂಗಡಿಯವನು ಎಷ್ಟೇ ಪ್ರೀತಿಯಿಂದ ‘ಉಜ್ಜಿಕೊಡಲಾ?’ ಅಂತ ಕೇಳಿದರೂ ಬೇಡ ಅನ್ನಲಿ.